ಸಾಲ್ಸಾ ಕಲಿಯಬೇಕೆ? ಮೊದಲು ನಾಲ್ಕರಲ್ಲಿ ನಿಲ್ಲುವುದನ್ನು ಕಲಿಯಿರಿ

ಸಾಲ್ಸಾ ನೃತ್ಯದ ತರಗತಿಗೆ ಉತ್ಸಾಹದಿಂದ ಸೇರಿ, ಮೂರು ನಾಲ್ಕು ವಾರದಲ್ಲೇ ಕೈಬಿಡುವವರು ಬಹಳ. ಕೇಳಿದರೆ ‘ನನ್ನ ಸೊಂಟ ಬಳುಕುವುದಿಲ್ಲ, ತಾಳ ಹಿಡಿಯಲಾಗುವುದಿಲ್ಲ’ ಎನ್ನುತ್ತಾರೆ. ಸೊಂಟದ್ದೇನೂ ತಪ್ಪಿಲ್ಲ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ದಾಟುತ್ತಿರುವುದಿಲ್ಲ, ಅಷ್ಟೇ. ಅದನ್ನು ತಿದ್ದಿಕೊಳ್ಳದೆ ಸುತ್ತು, ತಿರುವುಗಳಿಗೆ ಹಾರಿದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ತರಗತಿ ಆರಿಸುವಾಗ

ಕ್ಯೂಬಾದ ಸೋನ್ ಮತ್ತು ಮ್ಯಾಂಬೊ ಸಂಗೀತ ನ್ಯೂಯಾರ್ಕಿನ ಪೋರ್ಟೊರಿಕೊ, ಕ್ಯೂಬಾ ಮೂಲದವರ ಕೈಯಲ್ಲಿ ಹೊಸ ರೂಪ ಪಡೆದದ್ದೇ ಸಾಲ್ಸಾ. 1964ರಲ್ಲಿ ಅಲ್ಲಿ ಶುರುವಾದ ಫಾನಿಯಾ ರೆಕಾರ್ಡ್ಸ್ ಕಂಪನಿ 70ರ ದಶಕದಲ್ಲಿ ಆ ಹೆಸರನ್ನು ಲೋಕಕ್ಕೆಲ್ಲ ಹಬ್ಬಿಸಿತು. ಕುಣಿಯುವ ರೀತಿಗಳು ಮಾತ್ರ ಊರಿಗೊಂದು. ಲಾಸ್ ಏಂಜಲೀಸ್ ಶೈಲಿಯಲ್ಲಿ ಒಂದನೇ ಎಣಿಕೆಗೆ ಹೊರಡುತ್ತಾರೆ, ಇದು ‘ಆನ್ ಒನ್’. ನ್ಯೂಯಾರ್ಕ್ ಶೈಲಿಯಲ್ಲಿ ದಿಕ್ಕು ಬದಲಾಗುವುದು ಎರಡನೆಯದಕ್ಕೆ, ಅದು ‘ಆನ್ ಟೂ’. ಕ್ಯೂಬಾದ ಕಸೀನೊ ಶೈಲಿಯಲ್ಲಿ ಜೋಡಿ ನೇರ ಗೆರೆಯಲ್ಲಿ ಚಲಿಸದೆ ಒಬ್ಬರನ್ನೊಬ್ಬರು ಸುತ್ತುತ್ತದೆ. ಸೇರುವ ಮುನ್ನ ಯಾವುದನ್ನು ಕಲಿಸುತ್ತಾರೆಂದು ಕೇಳಿ, ಮೊದಲ ಆರು ತಿಂಗಳು ಅದೊಂದನ್ನೇ ಹಿಡಿಯಿರಿ. ಹೊಸಬರಿಗೆ ಆನ್ ಒನ್ ಸುಲಭ.

ಪಾರ್ಟ್‌ನರ್ ಇಲ್ಲವೆಂದು ಹಿಂಜರಿಯಬೇಡಿ. ಒಳ್ಳೆಯ ತರಗತಿಯಲ್ಲಿ ಕೆಲವು ನಿಮಿಷಕ್ಕೊಮ್ಮೆ ಜೋಡಿ ಬದಲಿಸುತ್ತಾರೆ. ಒಬ್ಬರ ಜೊತೆಯಲ್ಲೇ ಕುಣಿದವರು ಆ ಒಬ್ಬರ ತಪ್ಪಿಗೂ ಒಗ್ಗಿಹೋಗಿ, ಬೇರೆಯವರ ಕೈ ಹಿಡಿದಾಗ ತಡವರಿಸುತ್ತಾರೆ. ಮೊದಲ ದಿನವೇ ಐದಾರು ಸುತ್ತು ಕಲಿಸುವ ತರಗತಿಗೆ ಹಣ ಕಟ್ಟಬೇಡಿ.

ಪಾದರಕ್ಷೆ

ಜಾಗಿಂಗ್ ಶೂ ಬೇಡವೇ ಬೇಡ. ಅದರ ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಆ ತಿರುಚು ಮೊಣಕಾಲಿನ ಮೇಲೆ ಬೀಳುತ್ತದೆ. ನುಣುಪು ಚರ್ಮದ ಅಟ್ಟೆಯ ಹಳೆಯ ಆಫೀಸ್ ಶೂ ಸಾಕು. ಹೆಂಗಸರಿಗೆ ಹಿಂಬದಿ ಪಟ್ಟಿ ಇರುವ, ತಗ್ಗು ಹಿಮ್ಮಡಿಯ ಚಪ್ಪಲಿ. ಪಟ್ಟಿ ಇಲ್ಲದ್ದು ತಿರುವಿನಲ್ಲಿ ಕಾಲು ಬಿಟ್ಟು ಹಾರುತ್ತದೆ. ಸ್ಪೋರ್ಟ್ಸ್ ಶೂ ಬಿಟ್ಟರೆ ಬೇರೇನೂ ಇಲ್ಲದಿದ್ದರೆ, ಮುಂಗಾಲಿನ ಕೆಳಗೆ ಡಕ್ಟ್ ಟೇಪ್ ಅಂಟಿಸಿ ಒಂದು ತರಗತಿ ನೂಕಬಹುದು. ಬರೀ ಕಾಲುಚೀಲದಲ್ಲಿ ಟೈಲ್ಸ್ ಮೇಲೆ ಮಾತ್ರ ಕುಣಿಯಬೇಡಿ, ಜಾರಿ ಬೀಳುತ್ತೀರಿ. ದುಬಾರಿ ಸ್ವೇಡ್ ಅಟ್ಟೆಯ ಡಾನ್ಸ್ ಶೂ ಮೂರು ತಿಂಗಳು ಕಳೆದ ಮೇಲೆ ನೋಡಿದರಾಯಿತು.

ಬೇಸಿಕ್ ಸ್ಟೆಪ್: ಎಲ್ಲರೂ ಎಡವುವ ಜಾಗ

ಸಾಲ್ಸಾದ ಎಣಿಕೆ ಎಂಟು. 1, 2, 3ಕ್ಕೆ ಹೆಜ್ಜೆ, 4ಕ್ಕೆ ಇಲ್ಲ. 5, 6, 7ಕ್ಕೆ ಹೆಜ್ಜೆ, 8ಕ್ಕೆ ಇಲ್ಲ. ನಮಗೆ ಇದನ್ನು ಬಾಯಿಗೆ ತಂದುಕೊಳ್ಳಲು ‘ಒನ್ ಟೂ ತ್ರೀ’ಗಿಂತ ಒಳ್ಳೆಯ ದಾರಿಯಿದೆ: ತ-ಕ-ದಿ-ಮಿ, ತ-ಕ-ಜ-ಣು. ‘ಮಿ’ ಮತ್ತು ‘ಣು’ ಬಂದಾಗ ಹೊಸ ಹೆಜ್ಜೆಯಿಲ್ಲ. ಆದಿತಾಳ ಹಾಕಿ ಅಭ್ಯಾಸವಿದ್ದವರು ನಡುಬೆರಳೆಣಿಕೆಗೆ ಮತ್ತು ಕೊನೆಯ ಹುಸಿಗೆ ಹೆಜ್ಜೆ ಬಿಡಬೇಕು, ಅಷ್ಟೇ.

ಲೀಡ್ ಮಾಡುವವರು, ಅಂದರೆ ಜೋಡಿಯಲ್ಲಿ ಮುನ್ನಡೆಸುವವರು, ಜೋಡುಗಾಲಲ್ಲಿ ನಿಂತು, ‘ತ’ಕ್ಕೆ ಎಡಗಾಲು ಮುಂದಿಡಿ. ‘ಕ’ಕ್ಕೆ ಬಲಗಾಲನ್ನು ಇದ್ದಲ್ಲೇ ಎತ್ತಿ ಊರಿ. ‘ದಿ’ಗೆ ಎಡಗಾಲು ಹಿಂದಕ್ಕೆ ಬಂದು ಬಲಗಾಲಿನ ಪಕ್ಕ ಸೇರಲಿ. ‘ಮಿ’, ಕಾಯಿರಿ. ಮತ್ತೆ ‘ತ’ಕ್ಕೆ ಬಲಗಾಲು ಹಿಂದೆ, ‘ಕ’ಕ್ಕೆ ಎಡಗಾಲು ಇದ್ದಲ್ಲೇ, ‘ಜ’ಕ್ಕೆ ಬಲಗಾಲು ನಡುವಿಗೆ. ‘ಣು’, ಕಾಯಿರಿ. ಫಾಲೋ ಮಾಡುವವರು, ಅಂದರೆ ಅವರನ್ನು ಅನುಸರಿಸುವವರು, ಬಲಗಾಲು ಹಿಂದಿಟ್ಟು ಶುರುಮಾಡಿ, ಎರಡನೆಯ ‘ತ’ಕ್ಕೆ ಎಡಗಾಲು ಮುಂದಿಡುತ್ತಾರೆ.

ಕೆಡುವುದು ‘ದಿ’ಯಲ್ಲಿ. ಎರಡು ಪಾದ ಪಕ್ಕಪಕ್ಕ ಬಂದ ಕೂಡಲೇ ಮೈ ಎರಡರ ಮೇಲೂ ಭಾರ ಹಂಚಿ ಆರಾಮಾಗಿ ನಿಲ್ಲುತ್ತದೆ. ಹುಟ್ಟಿದಾಗಿನಿಂದ ನಾವು ನಿಲ್ಲುವುದೇ ಹಾಗೆ. ಆಗ ಮುಂದಿನ ‘ತ’ಕ್ಕೆ ಯಾವ ಕಾಲು ಎಂದು ಗೊತ್ತಾಗುವುದಿಲ್ಲ, ಸಿಕ್ಕಿದ್ದು ಹೊರಡುತ್ತದೆ. ಪಾರ್ಟ್‌ನರ್ ಕಾಲು ತುಳಿಯುವುದು ಇಲ್ಲೇ. ಪರೀಕ್ಷೆ ಸುಲಭ: ‘ಮಿ’ಯಲ್ಲಿ ಹಾಗೇ ನಿಂತು ಬಲಗಾಲನ್ನು ಒಂದಂಗುಲ ಎತ್ತಿ. ಮೈ ವಾಲದೆ ಕಾಲು ಎದ್ದಿತೆಂದರೆ ಭಾರ ಎಡಗಾಲಿಗೆ ದಾಟಿದೆ. ಮೈ ಒಮ್ಮೆ ಓಲಾಡಿ ಆಮೇಲೆ ಕಾಲು ಎದ್ದರೆ ದಾಟಿಲ್ಲ. ‘ಣು’ವಿನಲ್ಲಿ ಎಡಗಾಲನ್ನು ಹೀಗೇ ಎತ್ತಿ ನೋಡಿ. ಗೋಡೆಗೆ ಒಂದು ಕೈ ಆನಿಸಿ, ಹಾಡಿಲ್ಲದೆ, ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಇದನ್ನೇ ಮಾಡಿ.

ಕೆಲವರು 4ರಲ್ಲಿ ಕಾಲಿನಿಂದ ನೆಲಕ್ಕೆ ‘ಟಪ್’ ಎಂದು ತಟ್ಟುತ್ತಾರೆ. ತರಗತಿಗಳಲ್ಲೂ ಇದನ್ನು ಊರುಗೋಲಿನಂತೆ ಕಲಿಸುವುದುಂಟು. ಬೇಡ. ಆಮೇಲೆ ಬಿಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ವೇಗದ ಹಾಡಿನಲ್ಲಿ ಆ ತಟ್ಟು ನಿಮ್ಮನ್ನು ಹಿಂದೆ ಹಾಕುತ್ತದೆ.

ಹೆಜ್ಜೆಯ ಉದ್ದ ನಿಮ್ಮ ಒಂದು ಪಾದದಷ್ಟು, ಹಾಡು ಚುರುಕಾದರೆ ಅರ್ಧ ಪಾದ. ಮೊದಲು ಮುಂಗಾಲು ಊರಿ. ಹಿಂದಕ್ಕೆ ಇಟ್ಟಾಗ ಹಿಮ್ಮಡಿ ಧಡಕ್ಕನೆ ಕೂತರೆ ಎದೆಯೂ ಹಿಂದಕ್ಕೆ ವಾಲುತ್ತದೆ, ಮರಳಿ ಬರುವಷ್ಟರಲ್ಲಿ ಮುಂದಿನ ಎಣಿಕೆ ಕಳೆದಿರುತ್ತದೆ. ಎದೆ ಇದ್ದಲ್ಲೇ ಇರಲಿ, ಕಾಲಷ್ಟೇ ಹೋಗಿಬರಲಿ. ಇನ್ನು ಸೊಂಟ: ಭಾರ ಹೊತ್ತ ಮೊಣಕಾಲು ನೆಟ್ಟಗಾಗಿ ಇನ್ನೊಂದು ಮಡಿಚಿದರೆ ಸೊಂಟ ತಾನೇ ಆ ಬದಿಗೆ ಸರಿಯುತ್ತದೆ. ಬೇಕೆಂದೇ ಅಲ್ಲಾಡಿಸಿದರೆ ಹೆಗಲೂ ಕುಣಿಯತೊಡಗುತ್ತದೆ.

ಹಾಡಿನೊಳಗೆ ಇಳಿಯುವುದು

ನಿಮಿಷಕ್ಕೆ 150ರಿಂದ 170 ಬಡಿತದ ಹಾಡು ಸಾಕು. ಸಾಲ್ಸಾ ಗಾಯಕರಾದ ಸೆಲಿಯಾ ಕ್ರೂಜ್, ಹೆಕ್ಟರ್ ಲಾವೋ ಅವರನ್ನು ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ ಸುಮ್ಮನೆ ಕೇಳುತ್ತಿರಿ. ಕಿವಿ ಕೊಡಬೇಕಾದ್ದು ಕೊಂಗಾ ಡ್ರಮ್ಮಿಗೆ. ಅದರಲ್ಲಿ ‘ಡುಂ-ಡುಂ’ ಎಂದು ಜೋಡಿ ದನಿ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಕಾಲು ಕಾಯುವ ‘ಮಿ’, ‘ಣು’ಗಳ ಜಾಗದಲ್ಲೇ ಅದು ಬೀಳುವುದು. ಡುಂ-ಡುಂ ಮುಗಿದೊಡನೆ ಬರುವ ಬಡಿತಕ್ಕೆ ಹೆಜ್ಜೆ. ಅದು 1ನೆಯದೋ 5ನೆಯದೋ ಎಂಬುದನ್ನು ಹಾಡಿನ ಸಾಲು ಎಲ್ಲಿ ಎತ್ತಿಕೊಳ್ಳುತ್ತದೆಂದು ಕೇಳುತ್ತಾ ಹೋದಂತೆ ಗುರುತಿಸುತ್ತೀರಿ. ಅಲ್ಲಿಯವರೆಗೆ ಶಿಕ್ಷಕರ ಎಣಿಕೆ ಹಿಡಿಯಿರಿ. ಯೂಟ್ಯೂಬಿನಲ್ಲಿ ಎಣಿಕೆ ಹೇಳುವ ವಿಡಿಯೊಗಳಿವೆ. ಅವನ್ನು ಎರಡು ವಾರಕ್ಕಿಂತ ಹೆಚ್ಚು ನೆಚ್ಚಿಕೊಂಡರೆ ಕಿವಿ ಸೋಮಾರಿಯಾಗುತ್ತದೆ.

ಕೈ ಹಿಡಿಯುವುದು

ಲೀಡ್‌ನ ಬಲಗೈ ಪಾರ್ಟ್‌ನರ್‌ನ ಬೆನ್ನಿನ ಮೇಲೆ, ಎಡ ಹೆಗಲೆಲುಬಿನ ಮೇಲಿರಲಿ, ಸೊಂಟದ ಮೇಲಲ್ಲ. ಇನ್ನೊಂದು ಕೈಯಲ್ಲಿ ಬೆರಳುಗಳು ಕೊಕ್ಕೆಯಂತೆ ಸೇರಿದರೆ ಸಾಕು, ಹೆಬ್ಬೆರಳಿನಿಂದ ಅದುಮಬೇಡಿ. ಅದುಮಿದ ಕೈ ತಿರುವಿನಲ್ಲಿ ಬಿಡಿಸಿಕೊಳ್ಳಲಾಗದೆ ಮಣಿಕಟ್ಟು ಉಳುಕುತ್ತದೆ. ಬಲ ತಿರುವಿಗೆ ಲೀಡ್ 3ಕ್ಕೆ ಕೈ ಎತ್ತುತ್ತಾರೆ, ಫಾಲೋ 5-6-7ರಲ್ಲಿ ತಾವೇ ತಿರುಗುತ್ತಾರೆ. ಎತ್ತಿದ ಕೈ ತಲೆಯ ಮೇಲೆ ಸಣ್ಣ ಬಳೆಯಷ್ಟು ಸುತ್ತಿದರಾಯಿತು, ರುಬ್ಬುಗುಂಡು ತಿರುಗಿಸುವ ಬಲ ಹಾಕಬಾರದು. ಫಾಲೋ ಮಾಡುವವರ ದೊಡ್ಡ ತಪ್ಪು, ಊಹಿಸಿ ಮೊದಲೇ ತಿರುಗಿಬಿಡುವುದು. ಕೈ ಏಳುವವರೆಗೆ ಬೇಸಿಕ್‌ನಲ್ಲೇ ಇರಿ. ಯಾರ ಹಿಡಿತವಾದರೂ ನೋಯಿಸಿದರೆ ಕೂಡಲೇ ಹೇಳಿ.

ಮೊದಲ ಸೋಷಿಯಲ್

ಬೇಸಿಕ್, ಬಲ ತಿರುವು, ಕ್ರಾಸ್ ಬಾಡಿ ಲೀಡ್ (ಪಾರ್ಟ್‌ನರ್ ಅನ್ನು ನಿಮ್ಮೆದುರಿನಿಂದ ದಾಟಿಸಿ ಇನ್ನೊಂದು ಬದಿಗೆ ಕಳಿಸುವುದು), ಈ ಮೂರು ಬಂದರೆ ಸೋಷಿಯಲ್ ಡಾನ್ಸ್ ಸಂಜೆಗೆ, ಅಂದರೆ ಎಲ್ಲರೂ ಸೇರಿ ಕುಣಿಯುವ ಕೂಟಕ್ಕೆ, ಹೋಗಬಹುದು. ಹೆಚ್ಚುವರಿ ಅಂಗಿ, ಸಣ್ಣ ಟವೆಲ್ ತಪ್ಪದೆ ಒಯ್ಯಿರಿ. ಮೂರನೇ ಹಾಡಿಗೆ ಬೆನ್ನು ತೊಯ್ದಿರುತ್ತದೆ. ಗಡಿಯಾರ, ದೊಡ್ಡ ಉಂಗುರ ಬಿಚ್ಚಿಡಿ. ಜಾಗ ಕಿಕ್ಕಿರಿದಿದ್ದರೆ ಹಿಂದಕ್ಕೆ ಇಡುವ ಹೆಜ್ಜೆಯನ್ನು ಮೊದಲು ಚಿಕ್ಕದು ಮಾಡಿ, ಅಲ್ಲಿ ಇನ್ನೊಬ್ಬರ ಪಾದವಿರುತ್ತದೆ. ಎಣಿಕೆ ತಪ್ಪಿತೆ? ಕೈ ಬಿಡದೆ ಇದ್ದಲ್ಲೇ ಭಾರ ಬದಲಿಸುತ್ತಾ, ಡುಂ-ಡುಂ ಕೇಳುವವರೆಗೆ ಕಾದು, ಮತ್ತೆ ಹೊರಡಿ.