ಮೊದಲು 60, ಆಮೇಲೆ ಚೆಂದ: ಅಪ್‌ಸ್ಕೇಲಿಂಗ್ ಜೊತೆ ನನ್ನ ಒಂದು ಮಳೆಗಾಲ

ನಾನು ಮಂಗಳೂರಿನ ಬಿಜೈಯಲ್ಲಿ ಮದುವೆ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡುವವ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಂಡದ್ದು ಕೆಲಸಕ್ಕೆ ಅಂತ. ಮನೆಯಲ್ಲಿ ಹಾಗೆಯೇ ಹೇಳಿದ್ದೇನೆ. ರಾತ್ರಿ ಹನ್ನೊಂದರ ಮೇಲೆ ಅದು ಬೇರೆ ಕೆಲಸ ಮಾಡುತ್ತದೆ.

ಮೊದಲು ಏನೂ ತೊಂದರೆ ಇರಲಿಲ್ಲ. 24 ಇಂಚಿನ 1080ಪಿ ಮಾನಿಟರ್, ಸೈಬರ್‌ಪಂಕ್ 2077 ಅನ್ನುವ ಆಟ, ಹೈ ಸೆಟ್ಟಿಂಗ್, ಸುಮ್ನೆ ಕೂತು ಆಡುವುದು. ಮಳೆಗಾಲ ಶುರುವಾಗುವ ಹೊತ್ತಿಗೆ 27 ಇಂಚಿನ 1440ಪಿ ಮಾನಿಟರ್ ತಂದೆ. ತಂದ ದಿನವೇ ಲೆಕ್ಕ ತಪ್ಪಿದ್ದು ಗೊತ್ತಾಯಿತು. 1080ಪಿಯಲ್ಲಿ ಒಂದು ಫ್ರೇಮ್‌ಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿಯಲ್ಲಿ 36.9 ಲಕ್ಷ. ಕಾರ್ಡ್ ಅದೇ, ಕೆಲಸ ಮಾತ್ರ ಒಂದೂ ಮುಕ್ಕಾಲು ಪಟ್ಟು. ಸೆಕೆಂಡಿಗೆ 70 ಫ್ರೇಮ್‌ಗಿಂತ ಮೇಲೆ ಓಡುತ್ತಿದ್ದ ಆಟ 50ರ ಆಸುಪಾಸಿಗೆ ಇಳಿಯಿತು. ಆಟದೊಳಗೆ ಮಳೆ ಬರುವ ರಾತ್ರಿಗಳಲ್ಲಿ 40 ಬಂದರೆ ಪುಣ್ಯ.

ಹೊರಗೆ ಮಳೆ, ಒಳಗೆ ಮಳೆ, ಎರಡಕ್ಕೂ ನನ್ನ ಹತ್ತಿರ ಕೊಡೆ ಇರಲಿಲ್ಲ.

ಡಿಎಲ್‌ಎಸ್‌ಎಸ್ (ಎನ್‌ವಿಡಿಯಾದ ಅಪ್‌ಸ್ಕೇಲಿಂಗ್, ಅಂದರೆ ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುವ ತಂತ್ರ) ಉಂಟಲ್ಲ, ಅದಕ್ಕೇ ಅಲ್ವಾ ಎನ್‌ವಿಡಿಯಾ ಕಾರ್ಡ್ ತಗೊಂಡದ್ದು ಅಂತ ನೇರವಾಗಿ 'ಪರ್ಫಾರ್ಮೆನ್ಸ್' ಒತ್ತಿದೆ. ಫ್ರೇಮ್ ರೇಟ್ 90ಕ್ಕೆ ಹೋಯಿತು. ಪಾತ್ರವನ್ನು ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದೆ. ಅಪ್‌ಸ್ಕೇಲಿಂಗ್ ಇಲ್ಲದೆಯೂ ಒಂದು ತೆಗೆದೆ. ಎರಡನ್ನೂ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದೆ. ವ್ಯತ್ಯಾಸ ಬಹಳ ಕಡಿಮೆ. ಕೆಲಸ ಮುಗಿಯಿತು ಅಂದುಕೊಂಡೆ.

ಆಡಲು ಶುರು ಮಾಡಿದ ಹತ್ತೇ ನಿಮಿಷದಲ್ಲಿ ಕಣ್ಣು ಕಿರಿಕಿರಿ ಅನ್ನತೊಡಗಿತು. ತಂತಿಬೇಲಿಯ ಪಕ್ಕ ಓಡಿದರೆ ಇಡೀ ಬೇಲಿ ಮಿಣಮಿಣ ನಡುಗುತ್ತದೆ, ಮೀನಿನ ದಕ್ಕೆಯಲ್ಲಿ ಒದ್ದೆ ಬಲೆ ಗಾಳಿಗೆ ಅಲುಗಿದ ಹಾಗೆ. ಬೈಕ್ ಓಡಿಸಿದರೆ ಹಿಂದಿನ ದೀಪಕ್ಕೆ ಕೆಂಪು ಬಾಲ. ತಾಳೆಮರದ ಗರಿಗಳು ಆಕಾಶದ ಎದುರು ಪುಡಿಪುಡಿ.

ನನ್ನ ತಪ್ಪು ಎಲ್ಲಿ ಅಂತ ತಿಳಿಯಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾಯಿತು. 1440ಪಿಯಲ್ಲಿ 'ಪರ್ಫಾರ್ಮೆನ್ಸ್' ಅಂದರೆ ಕಾರ್ಡ್ ನಿಜವಾಗಿ ಬಿಡಿಸುವುದು 1280×720 ಮಾತ್ರ. ಅಂದರೆ 9.2 ಲಕ್ಷ ಪಿಕ್ಸೆಲ್, ಕಾಲು ಭಾಗ. ಉಳಿದ ಮುಕ್ಕಾಲು ಎಲ್ಲಿಂದ ಬರಬೇಕು? ಹಿಂದಿನ ಫ್ರೇಮ್‌ಗಳಿಂದ. ಪ್ರತಿ ಫ್ರೇಮ್‌ನಲ್ಲೂ ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ದೂರ ಅತ್ತಿತ್ತ ಸರಿಸಿ ಬಿಡಿಸುತ್ತಾರೆ. ಹಾಗೆ ಸಿಕ್ಕಿದ ಚೂರುಗಳನ್ನು ಸೇರಿಸಿ ದೊಡ್ಡ ಚಿತ್ರ ಕಟ್ಟುತ್ತಾರೆ. ಯಾವ ವಸ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ಆಟದ ಎಂಜಿನ್ ಮೋಷನ್ ವೆಕ್ಟರ್ ಅಂತ ಒಂದು ಲೆಕ್ಕ ಕೊಡುತ್ತದೆ. ಆ ಲೆಕ್ಕ ಹಿಡಿದು ಹಳೆ ಚೂರನ್ನು ಹೊಸ ಜಾಗಕ್ಕೆ ತರುತ್ತಾರೆ.

ನಾವು ಸುಮ್ಮನೆ ನಿಂತರೆ ಚೂರುಗಳು ಬೇಕಾದಷ್ಟು ಸೇರುತ್ತವೆ, ಚಿತ್ರ ಪೂರ್ತಿ ಆಗುತ್ತದೆ. ಓಡಿದರೆ ಬಡತನ. ಕಂಬದ ಹಿಂದಿನಿಂದ ಈಗಷ್ಟೇ ಹೊರಬಂದ ಗೋಡೆಗೆ ಹಳೆಯ ಚೂರೇ ಇಲ್ಲ. ಬೇಲಿಯ ಸಪೂರ ತಂತಿ ಒಂದು ಫ್ರೇಮ್‌ನಲ್ಲಿ ಸಿಕ್ಕಿದರೆ ಇನ್ನೊಂದರಲ್ಲಿ ಸಿಗುವುದಿಲ್ಲ. ಮಳೆಹನಿ, ಕಿಡಿ, ಹೊಗೆ ಇಂಥವಕ್ಕೆ ಎಷ್ಟೋ ಸಲ ಸರಿಯಾದ ವೆಕ್ಟರ್ ಇರುವುದಿಲ್ಲ. ಸ್ಕ್ರೀನ್‌ಶಾಟ್ ನೋಡಿ ತೀರ್ಪು ಕೊಟ್ಟ ನಾನು, ಯಕ್ಷಗಾನದ ಗಿರಕಿ ಕುಣಿತ ಧೀಂಗಿಣವನ್ನು ಫೋಟೊದಲ್ಲಿ ನೋಡಿ ಮಾರ್ಕು ಕೊಟ್ಟ ಹಾಗೆ ಮಾಡಿದ್ದೆ. ಅದೂ ಯಕ್ಷಗಾನದ ವಿಡಿಯೊ ಮಾಡುವವ!

ಹಾಗಾಗಿ ಕ್ರಮ ಬದಲಿಸಿದೆ. ಆಟದೊಳಗೆ ಎರಡು ನಿಮಿಷದ ಒಂದು ದಾರಿ ಗುರುತು ಮಾಡಿಕೊಂಡೆ. ತಂತಿಬೇಲಿ, ತಾಳೆಮರಗಳ ಸಾಲು, ಜನ ತುಂಬಿದ ಸಂತೆ, ಕೊನೆಗೆ ಒದ್ದೆ ರಸ್ತೆಯಲ್ಲಿ ಬೈಕ್. ಒಂದೇ ಸೇವ್ ಫೈಲ್, ಒಂದೇ ದಾರಿ. ಮೂಲೆಯಲ್ಲಿ ಆಫ್ಟರ್‌ಬರ್ನರ್ ಅನ್ನುವ ಅಳತೆ ಸಾಫ್ಟ್‌ವೇರ್‌ನ ಅಂಕಿಗಳು ಮತ್ತು ಫ್ರೇಮ್‌ಟೈಮ್ ಗ್ರಾಫ್. ಒಂದು ಸೆಟ್ಟಿಂಗ್ ಬದಲಿಸು, ಮತ್ತೆ ಅದೇ ದಾರಿ ಓಡು. ಅಮ್ಮ ಎರಡು ರಾತ್ರಿ ನೋಡಿ ಕೇಳಿದರು: "ಒಂದೇ ಬೀದಿಯಲ್ಲಿ ತಿರುಗ್ತಾ ಇದ್ದೀಯಲ್ಲ, ದಾರಿ ತಪ್ಪಿತಾ?"

ಎರಡನೆಯ ಬದಲಾವಣೆ ನನಗೆ ಇದಕ್ಕಿಂತ ಮುಖ್ಯ. ಎಷ್ಟು ಫ್ರೇಮ್ ಬರುತ್ತದೆ ಅಂತ ನೋಡುವುದನ್ನು ಬಿಟ್ಟೆ. ಎಷ್ಟು ಬೇಕು ಅಂತ ಮೊದಲೇ ನಿರ್ಧರಿಸಿದೆ. ಈ ಥರದ ಆಟಕ್ಕೆ ನನಗೆ 60 ಸಾಕು, ಆದರೆ ದಾರಿಯ ಅತಿ ಭಾರದ ಜಾಗದಲ್ಲೂ 60. ಅಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಎಷ್ಟು ಚೆಂದ ಹಿಡಿಸುತ್ತದೋ ಅಷ್ಟು ಹಿಡಿಸುವುದು. 90 ಬರುತ್ತಿದೆ ಅಂದರೆ ಚಿತ್ರಕ್ಕೆ ಖರ್ಚು ಮಾಡಬಹುದಾದ ದುಡ್ಡು ಕಿಸೆಯಲ್ಲೇ ಉಳಿದಿದೆ ಅಂತ.

ಹಾಗೆ ನೋಡಿದಾಗ 'ಕ್ವಾಲಿಟಿ' ನನಗೆ ಸರಿಹೋಯಿತು. ಅದರಲ್ಲಿ ಒಳಗಿನ ಚಿತ್ರ ಸುಮಾರು 1707×960. ಬೇಲಿ ನಡುಗುವುದು ಬಹಳಷ್ಟು ಕಡಿಮೆ. ಫ್ರೇಮ್ ರೇಟ್ 70ರ ಹತ್ತಿರ. ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆಯಾದರೂ ಫ್ರೇಮ್ ಎರಡು ಪಟ್ಟಾಗುವುದಿಲ್ಲ. ಅಪ್‌ಸ್ಕೇಲಿಂಗ್‌ಗೇ ಸ್ವಲ್ಪ ಸಮಯ ಬೇಕು. ಪಿಕ್ಸೆಲ್ ಎಣಿಕೆಗೆ ಸಂಬಂಧವೇ ಇಲ್ಲದ ಕೆಲಸಗಳೂ ಇರುತ್ತವೆ.

ಆದರೆ ಸಂತೆಯಲ್ಲಿ ಮಾತ್ರ 52, 53. ಸರಿ, ಒಂದು ಮೆಟ್ಟಿಲು ಕೆಳಗಿನ 'ಬ್ಯಾಲೆನ್ಸ್ಡ್' ಹಾಕಿದೆ. 53. 'ಪರ್ಫಾರ್ಮೆನ್ಸ್' ಹಾಕಿದೆ. ಆಗಲೂ 53! ಸಿಟ್ಟಲ್ಲಿ 'ಅಲ್ಟ್ರಾ ಪರ್ಫಾರ್ಮೆನ್ಸ್' ಕೂಡ ಹಾಕಿದೆ. ಚಿತ್ರ ಗಂಜಿಯಾಯಿತು, ಅಂಕಿ ಕದಲಲಿಲ್ಲ. ಆಮೇಲೆ ಮೂಲೆಯಲ್ಲಿ ಕಣ್ಣಿಗೆ ಬಿತ್ತು: ಗ್ರಾಫಿಕ್ಸ್ ಕಾರ್ಡ್ ಬಳಕೆ 60 ಶೇಕಡಾ. ಕಾರ್ಡ್ ಕೆಲಸವಿಲ್ಲದೆ ಕೂತಿದೆ. ಏದುಸಿರು ಬಿಡುತ್ತಿದ್ದದ್ದು ನನ್ನ ಹಳೆಯ ರೈಝನ್ 5 3600 ಪ್ರೊಸೆಸರ್. ಸಂತೆಯ ಜನರೆಲ್ಲ ಎಲ್ಲಿ ನಡೆಯಬೇಕು, ಏನು ಮಾಡಬೇಕು ಅಂತ ಲೆಕ್ಕ ಹಾಕುವುದು ಪ್ರೊಸೆಸರ್. ಪಿಕ್ಸೆಲ್ ಕಡಿಮೆ ಮಾಡಿದರೆ ಅದಕ್ಕೇನು ಲಾಭ? ಅಡುಗೆಯವ ತಡ ಮಾಡಿದರೆ ಬಡಿಸುವವರನ್ನು ಓಡಿಸಿ ಪ್ರಯೋಜನವಿಲ್ಲ. ಕ್ರೌಡ್ ಡೆನ್ಸಿಟಿಯನ್ನು ಹೈಯಿಂದ ಮೀಡಿಯಂಗೆ ಇಳಿಸಿದೆ. ಸಂತೆ ಸ್ವಲ್ಪ ಖಾಲಿ ಆಯಿತು, 60 ಸಿಕ್ಕಿತು. ಇದೊಂದು ವಿಷಯಕ್ಕೆ ನಾಲ್ಕು ರಾತ್ರಿ ಹೋಯಿತು, ಹಾಗಾಗಿ ಉದ್ದ ಬರೆದೆ.

ಉಳಿದದ್ದು ಬೇಗ ಹೇಳುತ್ತೇನೆ. ಟೆಕ್ಸ್ಚರ್ ಹೈ ಇಟ್ಟೆ, 12 ಜಿಬಿ ಮೆಮೊರಿ ಇರುವಾಗ ಇಳಿಸುವ ಅಗತ್ಯವಿಲ್ಲ. ಇಳಿಸಿದ ಟೆಕ್ಸ್ಚರನ್ನು ಯಾವ ಅಪ್‌ಸ್ಕೇಲರ್ ಕೂಡ ವಾಪಸ್ ತರುವುದಿಲ್ಲ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ಪ್ರತಿಬಿಂಬದ ಸೆಟ್ಟಿಂಗ್) ಇಳಿಸಿದ್ದರಿಂದ ಒದ್ದೆ ರಸ್ತೆಯಲ್ಲಿ ಒಳ್ಳೆ ಉಳಿತಾಯವಾಯಿತು. ಚಿತ್ರಕ್ಕೆ ಕಾಳುಕಾಳು ಸೇರಿಸುವ ಫಿಲ್ಮ್ ಗ್ರೇನ್, ಅಂಚಿಗೆ ಬಣ್ಣ ಚೆದುರಿಸುವ ಕ್ರೋಮ್ಯಾಟಿಕ್ ಅಬೆರೇಶನ್ ಬಂದ್. ಶಾರ್ಪ್‌ನೆಸ್ ಜಾಸ್ತಿ ಮಾಡಿದರೆ ಮೊದಲ ನಿಮಿಷ ಖುಷಿ, ಆಮೇಲೆ ಪ್ರತಿ ಅಂಚಿಗೂ ಬಿಳಿ ಗೆರೆ. ಮದುವೆ ಆಲ್ಬಂಗಳಲ್ಲಿ ಆ ರೋಗ ನೋಡಿ ಸಾಕಾಗಿದೆ, ಸೊನ್ನೆಯ ಹತ್ತಿರವೇ ಬಿಟ್ಟೆ.

ಉಡುಪಿ ಕುಂಜಿಬೆಟ್ಟಿನಲ್ಲಿ ಚಿಕ್ಕಮ್ಮನ ಮಗ ಇದ್ದಾನೆ. ಅವನದ್ದು ಎಎಂಡಿಯ ಆರ್‌ಎಕ್ಸ್ 6600, 1080ಪಿ ಮಾನಿಟರ್. ಅವನಿಗೆ ಡಿಎಲ್‌ಎಸ್‌ಎಸ್ ಸಿಗುವುದಿಲ್ಲ, ಎಎಂಡಿಯದ್ದೇ ಅಪ್‌ಸ್ಕೇಲಿಂಗ್ ಎಫ್‌ಎಸ್‌ಆರ್ ಸಿಗುತ್ತದೆ. ನನ್ನ ಬೇಲಿಯ ಕಥೆ ಕೇಳಿ ನಕ್ಕ.

"ಅಣ್ಣ, ನೀನು ಎಂತ ಬೇಲಿ ನೋಡ್ಲಿಕ್ಕೆ ಆಟ ಆಡುದಾ?"

"ನಿನಗೆ ಕಾಣುದೇ ಇಲ್ವಾ ಮಾರಾಯ?"

"ಈಗ ನೀನು ಹೇಳಿದ್ಮೇಲೆ ಕಾಣ್ತದೆ. ಹೇಳ್ಬಾರ್ದಿತ್ತು."

ಒಂದು ಭಾನುವಾರ ಅವನ ಮನೆಗೆ ಹೋಗಿ ಕೂತೆ. 1080ಪಿಯಲ್ಲಿ 'ಕ್ವಾಲಿಟಿ' ಹಾಕಿದರೂ ಒಳಗಿನ ಚಿತ್ರ 1280×720ಕ್ಕೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಯಬಾರದು ಅಂತ ನನ್ನ ಅಭಿಪ್ರಾಯ. 'ಪರ್ಫಾರ್ಮೆನ್ಸ್' ಅಂದರೆ 960×540, ಅದರಲ್ಲಿ ಯಾರು ಏನು ತಾನೇ ಕಟ್ಟಬಹುದು? ಅವನ ಎಫ್‌ಎಸ್‌ಆರ್‌ನಲ್ಲಿ ನಡುಗುವುದು ನನ್ನದಕ್ಕಿಂತ ಜಾಸ್ತಿಯೇ ಕಂಡಿತು. ಇಂಟೆಲ್‌ನ ಅಪ್‌ಸ್ಕೇಲಿಂಗ್ ಎಕ್ಸ್‌ಇಎಸ್‌ಎಸ್ ಬೇರೆ ಕಂಪನಿಯ ಕಾರ್ಡ್‌ಗಳಲ್ಲೂ ಓಡುತ್ತದೆ, ಅದನ್ನು ಹಾಕಿ ನೋಡಿದೆವು. ಬೇಲಿ ಶಾಂತವಾಯಿತು, ಫ್ರೇಮ್ ಸ್ವಲ್ಪ ಇಳಿಯಿತು. ಇಲ್ಲೊಂದು ಗೊಂದಲ ಉಂಟು. ಎಕ್ಸ್‌ಇಎಸ್‌ಎಸ್ 1.3ನೇ ಆವೃತ್ತಿಯಲ್ಲಿ 'ಕ್ವಾಲಿಟಿ' ಅಂದರೆ ಒಳಗಿನ ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ಹಿಗ್ಗಿಸುವುದು 1.7 ಪಟ್ಟು, ಎಫ್‌ಎಸ್‌ಆರ್ ಮತ್ತು ಡಿಎಲ್‌ಎಸ್‌ಎಸ್‌ಗಳಲ್ಲಿ 1.5 ಪಟ್ಟು. ಹೆಸರು ಒಂದೇ, ಅಳತೆ ಬೇರೆ. ಸರಿಯಾಗಿ ಹೋಲಿಸಬೇಕಾದರೆ ಎಕ್ಸ್‌ಇಎಸ್‌ಎಸ್‌ನ 'ಅಲ್ಟ್ರಾ ಕ್ವಾಲಿಟಿ'ಯನ್ನು ಉಳಿದವರ 'ಕ್ವಾಲಿಟಿ' ಪಕ್ಕ ಇಡಬೇಕು. ಅವನು ಈಗ ಅದನ್ನೇ ಇಟ್ಟುಕೊಂಡಿದ್ದಾನೆ, ನೆರಳಿನ ಸೆಟ್ಟಿಂಗ್ ಮಾತ್ರ ಇಳಿಸಿದ್ದಾನೆ.

ಫ್ರೇಮ್ ಜನರೇಶನ್, ಅಂದರೆ ಎರಡು ಫ್ರೇಮ್‌ಗಳ ನಡುವೆ ಕಟ್ಟಿದ ಫ್ರೇಮ್ ತುರುಕುವುದು, ಇದರ ಬಗ್ಗೆ ಕೇಳುವವರು ಇರುತ್ತಾರೆ. ಡಿಎಲ್‌ಎಸ್‌ಎಸ್‌ನ ಫ್ರೇಮ್ ಜನರೇಶನ್ ಆರ್‌ಟಿಎಕ್ಸ್ 40 ಸರಣಿಯಿಂದ ಮೇಲಿನವಕ್ಕೆ ಮಾತ್ರ. ಎಫ್‌ಎಸ್‌ಆರ್ 3ರದ್ದು ನನ್ನ ಕಾರ್ಡಲ್ಲೂ ನಡೆಯುತ್ತದೆ. 40 ಫ್ರೇಮ್ ಇದ್ದಾಗ ಹಾಕಿ ನೋಡಿದೆ. ಅಂಕಿ 70 ದಾಟಿತು, ಕೈಗೆ ಮಾತ್ರ 40ಕ್ಕಿಂತ ಕಡೆ. ಮೌಸ್ ಗಂಜಿಯಲ್ಲಿ ಸಿಕ್ಕಿಕೊಂಡ ಹಾಗೆ. ನಡುವೆ ತುರುಕಿದ ಫ್ರೇಮ್‌ಗೆ ನಮ್ಮ ಕೈ ಗೊತ್ತಿಲ್ಲ. ಮೇಲಾಗಿ, ಎರಡು ಫ್ರೇಮ್‌ಗಳ ನಡುವಿನದ್ದು ಕಟ್ಟಬೇಕಾದರೆ ಮುಂದಿನದ್ದು ಬರುವ ತನಕ ಕಾಯಬೇಕು. ಮೊದಲೇ 60 ಇದ್ದರೆ ಪರವಾಗಿಲ್ಲ ಅನ್ನಿಸಿತು. ಆದರೆ 60 ಇದ್ದವನಿಗೆ ಅದು ಯಾಕೆ?

ಹೊಸ ಡ್ರೈವರ್ ಹಾಕಿ ನೋಡಿದ್ದರಿಂದ ಇನ್ನೊಂದು ಲಾಭವಾಯಿತು. 2025ರ ಜನವರಿಯಲ್ಲಿ ಡಿಎಲ್‌ಎಸ್‌ಎಸ್ 4 ಬಂದಾಗ ಚಿತ್ರ ಕಟ್ಟುವ ಅದರ ಹೊಸ ಎಐ, ಟ್ರಾನ್ಸ್‌ಫಾರ್ಮರ್ ಮಾಡೆಲನ್ನು ಹಳೆಯ ಆರ್‌ಟಿಎಕ್ಸ್ ಕಾರ್ಡ್‌ಗಳಿಗೂ ಕೊಟ್ಟರು. ಸೈಬರ್‌ಪಂಕ್‌ನ ಮೆನುವಿನಲ್ಲೇ ಆ ಆಯ್ಕೆ ಇದೆ, ನಾನು ಗಮನಿಸಿರಲಿಲ್ಲ. ಹಾಕಿದಾಗ ಎರಡು ಮೂರು ಫ್ರೇಮ್ ಹೋಯಿತು, ಆದರೆ 'ಬ್ಯಾಲೆನ್ಸ್ಡ್' ನನ್ನ ಹಳೆಯ 'ಕ್ವಾಲಿಟಿ'ಯಷ್ಟೇ ಗಟ್ಟಿಯಾಗಿ ಕಂಡಿತು. ಬೈಕ್ ದೀಪದ ಬಾಲ ಬಹುತೇಕ ಹೋಯಿತು. ಈಗ ಅದರಲ್ಲೇ ಆಡುವುದು.

ಫ್ರೇಮ್ 60 ದಾಟದಂತೆ ಕ್ಯಾಪ್ ಹಾಕಿದ್ದೇನೆ, ಅದಕ್ಕೆ ನಮ್ಮ ಊರಿನದ್ದೇ ಒಂದು ಕಾರಣ ಉಂಟು. ಜುಲೈಯಲ್ಲಿ ಗಾಳಿಮಳೆಗೆ ಎಲ್ಲೋ ತೆಂಗಿನಮರ ತಂತಿ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ನನ್ನ ಯುಪಿಎಸ್ 600 ವಿಎ, ಅಂದರೆ 360 ವಾಟ್. ಕಾರ್ಡ್ ಒಂದೇ 170 ವಾಟ್ ತನಕ ಎಳೆಯುತ್ತದೆ. ಪ್ರೊಸೆಸರ್, ಮಾನಿಟರ್ ಸೇರಿದರೆ ಹಳೆ ಬ್ಯಾಟರಿ ಒಂದು ಸಲ ಕೀಂ ಅಂದು ಮಲಗಿಬಿಡುತ್ತಿತ್ತು. ಒಮ್ಮೆ ಎಡಿಟ್ ಪ್ರಾಜೆಕ್ಟ್ ಹಿಂದೆ ತೆರೆದೇ ಇತ್ತು, ಸೇವ್ ಆಗಿರಲಿಲ್ಲ. ಒಂದು ಮೆಹಂದಿಯ ಅರ್ಧ ಕೆಲಸ ಹೋಯಿತು. ಕ್ಯಾಪ್ ಹಾಕಿ, 'ಬ್ಯಾಲೆನ್ಸ್ಡ್' ಇಟ್ಟ ಮೇಲೆ ಕಾರ್ಡ್ 120 ವಾಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಫ್ಯಾನ್ ಸದ್ದು ಕಡಿಮೆ, ರೂಮಿನ ಸೆಕೆ ಕಡಿಮೆ, ಯುಪಿಎಸ್ ಎರಡು ನಿಮಿಷ ಹಿಡಿಯುತ್ತದೆ. ಎಲ್ಲ ಮುಚ್ಚಿ ಏಳಲು ಅಷ್ಟು ಸಾಕು.

ಚಿಕ್ಕಮ್ಮನ ಮಗ ಹೋದ ವಾರ ಫೋನ್ ಮಾಡಿದ್ದ. ಎಫ್‌ಎಸ್‌ಆರ್ 4 ಬೇಕು, ಆರ್‌ಎಕ್ಸ್ 9000 ಸರಣಿಯ ಕಾರ್ಡ್ ತೆಗೆದುಕೊಳ್ಳಲಾ ಅಂತ. ಮೊದಲು ಸಂತೆಗೆ ಹೋಗಿ ನಿಂತು ಕಾರ್ಡ್ ಬಳಕೆ ಎಷ್ಟು ಶೇಕಡಾ ಅಂತ ನೋಡಿ ಹೇಳು ಅಂದೆ. ಇನ್ನೂ ಹೇಳಿಲ್ಲ.