ಹುಲ್ಲಿನ ಜಾಡು ಹಿಡಿದು ಸ್ಟೆಡಿಂಗ್ ಅಳೆದೆ

ನಾನಿರುವುದು ಎಡಿನ್‌ಬರೋದಲ್ಲಿ. ಹಳೇ ಕಟ್ಟಡಗಳ ರಿಪೇರಿಗೆ ನಕ್ಷೆ ಮಾಡುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಪಕ್ಕದ ಈಸ್ಟ್ ಲೋಥಿಯನ್ ಸೀಮೆಯ ಒಂದು ಸ್ಟೆಡಿಂಗ್ ಅಳೆಯಲು ಹೋದೆ. ಸ್ಟೆಡಿಂಗ್ ಅಂದರೆ ರೈತನ ಮನೆಯಲ್ಲ, ಮನೆ ಸ್ವಲ್ಪ ದೂರದಲ್ಲಿರುತ್ತದೆ. ಕೊಟ್ಟಿಗೆ, ಕುದುರೆ ಲಾಯ, ಒಕ್ಕಣೆಯ ಬಾರ್ನ್, ಗಾಡಿ ಶೆಡ್, ಕಣಜ ಎಲ್ಲವನ್ನೂ ಒಂದು ಅಂಗಳದ ಸುತ್ತ ಕಟ್ಟಿರುತ್ತಾರೆ. ನಮ್ಮ ತೊಟ್ಟಿ ಮನೆ ಥರ ಇರಬೇಕು ಅಂದುಕೊಂಡೇ ಹೋಗಿದ್ದೆ. ಅಂಗಳದಲ್ಲಿ ಒಂದು ಕಾಲದಲ್ಲಿ ಮೊಣಕಾಲುದ್ದ ಗೊಬ್ಬರ ಇರುತ್ತಿತ್ತು ಅಂತ ಆಮೇಲೆ ಗೊತ್ತಾಯಿತು!

ಮೊದಲ ದಿನವೇ ಎಡವಿದೆ. ನಾಲ್ಕೂ ಬದಿ ಅಳೆದೆ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಲಿಲ್ಲ. ಆಫೀಸಿನಲ್ಲಿ ಕೂತು ಗೆರೆ ಎಳೆದರೆ ಅಂಗಳ ಕೂಡುತ್ತಲೇ ಇಲ್ಲ. ನೋಡಿದರೆ ಚೌಕ ಅಂತ ಕಾಣುತ್ತಿದ್ದದ್ದು ಚೌಕವೇ ಅಲ್ಲ, ಒಂದು ಮೂಲೆ ಮೊಳದಷ್ಟು ಆಚೆ ಹೋಗಿತ್ತು. ಮತ್ತೆ ಬಸ್ಸು, ಮತ್ತೆ ಮಳೆ.

ಎರಡನೇ ಸಲ ಹೋದಾಗ ಬಾರ್ನ್‌ನ ಹೊರಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ, ಕಲ್ಲು ತುಂಬಿ ಮುಚ್ಚಿದ ಒಂದು ಕಿಂಡಿ ಕಂಡಿತು. ಕಿಟಕಿ ಅನ್ನೋಣ ಅಂದರೆ ತೀರಾ ಚಿಕ್ಕದು. ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ 1850ರ ದಶಕದಲ್ಲಿ ಮಾಡಿದ ನಕ್ಷೆ ತೆಗೆದು ನೋಡಿದೆ. ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿ ಅದನ್ನೆಲ್ಲ ಪುಕ್ಕಟೆ ಇಟ್ಟಿದೆ. ಅದೇ ಗೋಡೆಗೆ ಅಂಟಿಕೊಂಡು ಒಂದು ದುಂಡು ಕಟ್ಟಡ! ಕುದುರೆಗಳು ಅದರೊಳಗೆ ಸುತ್ತು ಹಾಕುತ್ತಿದ್ದವು, ನಮ್ಮ ಗಾಣದ ಎತ್ತಿನ ಹಾಗೆ. ಅವು ತಿರುಗಿಸುತ್ತಿದ್ದ ದಂಡ ಆ ಕಿಂಡಿಯಿಂದ ಒಳಹೋಗಿ ಒಕ್ಕಣೆ ಯಂತ್ರವನ್ನು ಓಡಿಸುತ್ತಿತ್ತು. ಆ ಯಂತ್ರವನ್ನು 1786ರ ಹೊತ್ತಿಗೆ ಮಾಡಿದ ಆಂಡ್ರ್ಯೂ ಮೀಕಲ್ ಇದೇ ಸೀಮೆಯವನು, ಈಸ್ಟ್ ಲಿಂಟನ್ ಹತ್ತಿರದ ಹೂಸ್ಟನ್ ಮಿಲ್‌ನವನು. ಆಮೇಲೆ ಉಗಿ ಯಂತ್ರ ಬಂತು. ಕಲ್ಲಿದ್ದಲು ಹತ್ತಿರದಲ್ಲೇ ಸಿಗುತ್ತಿತ್ತಲ್ಲ, ಹಾಗಾಗಿ ಈ ಕಡೆಯ ಎಷ್ಟೋ ಸ್ಟೆಡಿಂಗ್‌ಗಳಲ್ಲಿ ಫ್ಯಾಕ್ಟರಿಯ ಹಾಗೆ ಉದ್ದನೆಯ ಚಿಮಣಿ ಇದೆ.

ಅಲ್ಲೇ ದನ ನೋಡಿಕೊಂಡು ಬೆಳೆದಿದ್ದ ಒಬ್ಬ ಅಜ್ಜ ನಾನು ಪರದಾಡುವುದನ್ನು ನೋಡುತ್ತಾ ನಿಂತಿದ್ದರು. "ಗೋಡೆ ಬಿಡಮ್ಮಾ, ಹುಲ್ಲು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ನೋಡು" ಅಂದರು. ಆಮೇಲೆ ನಕ್ಷೆ ತಾನಾಗಿಯೇ ಬಿಡಿಸಿಕೊಂಡಿತು. ತೆನೆ ಉತ್ತರದ ಎತ್ತರದ ಬಾರ್ನ್‌ಗೆ ಬರುತ್ತದೆ. ಕಾಳು ಕಣಜಕ್ಕೆ, ಹುಲ್ಲು ಪಕ್ಕದ ಕೋಣೆಗೆ. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ದನಗಳ ಅಂಗಳ. ಅಂಗಳ ದಕ್ಷಿಣಕ್ಕೆ ತೆರೆದುಕೊಂಡಿದೆ, ಚಳಿಗಾಲದ ಅಷ್ಟಿಷ್ಟು ಬಿಸಿಲು ಅಲ್ಲಿಗೇ ಬೀಳುತ್ತದೆ. ಹಿಂದಿನ ಗಾಳಿಗೆ ಬಾರ್ನ್ ಅಡ್ಡ. ಹುಲ್ಲು ಗೊಬ್ಬರವಾಗಿ ಮತ್ತೆ ಹೊಲಕ್ಕೆ.

ನನಗೆ ಜಾಸ್ತಿ ಇಷ್ಟವಾದದ್ದು ಗಾಡಿ ಶೆಡ್. ಕೆಳಗೆ ಕಮಾನುಗಳ ಸಾಲು, ಮೇಲೆ ಕಣಜ. ಕೆಳಗೆ ತೆರೆದಿರುವುದರಿಂದ ಕಾಳಿಗೆ ತೇವ ತಾಗುವುದಿಲ್ಲ, ಹತ್ತಲು ಹೊರಗಿನಿಂದ ಕಲ್ಲಿನ ಮೆಟ್ಟಿಲು. ಅಂಗಳದ ಬಾಗಿಲ ಬಳಿ ಗೋಡೆಯ ಮೂಲೆಯನ್ನು ಕೆಳಗಷ್ಟೇ ಓರೆಯಾಗಿ ಕೆತ್ತಿದ್ದಾರೆ, ಮೇಲೆ ಚೂಪಾಗಿಯೇ ಬಿಟ್ಟಿದ್ದಾರೆ. ಗಾಡಿ ತಿರುಗುವಾಗ ಗಾಲಿಯ ಗುಂಬ ತಾಗಬಾರದಲ್ಲ! ಅಂಗೈ ಇಟ್ಟು ಸವರಿದೆ, ಇನ್ನೂ ನುಣುಪಾಗಿತ್ತು.

ಬೇಜಾರಾಗಿದ್ದು ಹಿಂದಿನ ರಿಪೇರಿ ನೋಡಿ. ಯಾರೋ ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬಿಬಿಟ್ಟಿದ್ದರು. ಇಲ್ಲಿಯದು ಮೆತ್ತನೆಯ ಮರಳುಗಲ್ಲು. ನೀರು ಸಂದಿನಿಂದ ಹೊರಬರಲಾಗದೆ ಕಲ್ಲಿನ ಮೂಲಕವೇ ಬರುತ್ತದೆ, ಕಲ್ಲು ಪುಡಿಯಾಗುತ್ತದೆ. ಸಿಮೆಂಟ್ ಗೆರೆಗಳು ಹಲ್ಲಿನಂತೆ ಮುಂದೆ ಚಾಚಿದ್ದವು, ಕಲ್ಲು ಎರಡು ಬೆರಳು ಒಳಗೆ ತಿಂದುಹೋಗಿತ್ತು. ಅದನ್ನೆಲ್ಲ ಉಳಿಯಲ್ಲಿ ಕೆರೆದು ಸುಣ್ಣದ ಗಾರೆ ತುಂಬಿಸಿದೆವು. ಐದು ಡಿಗ್ರಿಗಿಂತ ಕೆಳಗಿಳಿದರೆ ಗಾರೆ ಕೆಲಸ ನಿಲ್ಲಿಸಲೇಬೇಕು, ಅಕ್ಟೋಬರ್ ಬಂದರೆ ದಿನಾ ಥರ್ಮಾಮೀಟರ್ ನೋಡುವ ಕೆಲಸ. ಹೊಸ ಗಾರೆಗೆ ಒದ್ದೆ ಗೋಣಿ ತಟ್ಟು ಹೊದಿಸುವಾಗ ನಮ್ಮೂರ ಗಾರೆ ಕೆಲಸದವರ ನೆನಪಾಯಿತು.

ಕೊನೆಗೆ ಕಣಜದ ಬಾಗಿಲು. ಒಳಬದಿಯಲ್ಲಿ ಪೆನ್ಸಿಲ್ ಗೆರೆಗಳು, ನಾಲ್ಕು ಗೆರೆಗೆ ಒಂದು ಅಡ್ಡಗೆರೆ. ಮೂಟೆ ಲೆಕ್ಕ. ಹಲಗೆ ಕೆಳಗೆ ಕೊಳೆತಿದೆ, ಹೊಸದು ಹಾಕೋಣ ಅಂತ ಮಾಲೀಕರ ವಾದ. ಕೊಳೆತ ಒಂದಡಿ ಮಾತ್ರ ಕತ್ತರಿಸಿ ಜೋಡಿಸುವುದು ಅಂತ ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.