ಕಡಲಿನಿಂದ ದೂರವಿದ್ದು ಕಡಲ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವವರಿಗೆ

ದಾವಣಗೆರೆಯಂಥ ಬಯಲುಸೀಮೆಯ ಊರಿನಲ್ಲಿದ್ದುಕೊಂಡು ಸ್ನಾತಕೋತ್ತರ ವಿದ್ಯಾರ್ಥಿಗಳ ಕಡಲ ಜೀವಶಾಸ್ತ್ರದ ಪ್ರಬಂಧಗಳನ್ನು ನೋಡಿಕೊಳ್ಳುವವರು ಸುಲಭವಾಗಿ ಒಂದು ತಪ್ಪು ಮಾಡುತ್ತಾರೆ. ವಿದ್ಯಾರ್ಥಿಯನ್ನು ಕಾರವಾರಕ್ಕೋ ಮಲ್ಪೆಗೋ ಕಳುಹಿಸಿ, ಅವರು ಬರೆದು ತಂದ ಅಧ್ಯಾಯಗಳನ್ನು ತಿದ್ದಿದರೆ ತಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಮೊದಲ ಕೆಲವು ವರ್ಷ ನಾನೂ ಹಾಗೆಯೇ ಮಾಡಿದೆ. ಈಗ ಅಧ್ಯಾಯಕ್ಕಿಂತ ಮೊದಲು ಕ್ಷೇತ್ರಕಾರ್ಯದ ಪುಸ್ತಕವನ್ನು ಕೇಳುತ್ತೇನೆ. ಅದಕ್ಕೂ ಮೊದಲು ವಿದ್ಯಾರ್ಥಿಯ ಕೈಕೆಲಸವನ್ನು ನಮ್ಮ ಕೆರೆಯ ದಂಡೆಯಲ್ಲೇ ನೋಡುತ್ತೇನೆ.

ವಿಷಯವನ್ನು ಆರಿಸುವಾಗ ಕ್ಯಾಲೆಂಡರನ್ನು ಮುಂದಿಟ್ಟುಕೊಳ್ಳಿ. ಪ್ರಾಜೆಕ್ಟಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ತಿಂಗಳು. ಕಾಳಿ ನದಿಯ ಅಳಿವೆಯಲ್ಲಿ ಬೇಸಿಗೆಯ ನೀರು ಬಹಳ ಉಪ್ಪಾಗಿರುತ್ತದೆ, ಮಳೆಗಾಲದಲ್ಲಿ ನದಿ ತುಂಬಿ ಬಂದಾಗ ಅದೇ ಜಾಗದ ಉಪ್ಪಿನಂಶ ಕುಸಿಯುತ್ತದೆ. ಫೆಬ್ರುವರಿಯಿಂದ ಮೇವರೆಗೆ ಮಾತ್ರ ಮಾದರಿ ತೆಗೆದ ವಿದ್ಯಾರ್ಥಿ ಶೀರ್ಷಿಕೆಯಲ್ಲಿ ‘ಋತುಮಾನದ ಬದಲಾವಣೆ’ ಎಂದು ಬರೆದರೆ ಅದು ನೋಡದ್ದನ್ನು ನೋಡಿದೆನೆಂದು ಹೇಳಿದಂತೆಯೇ. ಮೀನುಗಾರಿಕೆ ಬಂದರಿನ ಮೀನುಗಳ ಮೇಲೆ ಕೆಲಸ ಮಾಡುವವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವನ್ನು ಮೊದಲೇ ತಿಳಿಸಬೇಕು. ಒಂದು ಬಂಡೆಸಾಲಿನಲ್ಲಿ ಬಾರ್ನಕಲ್‌ಗಳು (ಬಂಡೆಗೆ ಅಂಟಿಕೊಂಡೇ ಬದುಕುವ ಚಿಕ್ಕ ಚಿಪ್ಪುಜೀವಿಗಳು) ಯಾವ ಎತ್ತರದವರೆಗೆ ಅಂಟಿಕೊಂಡಿವೆ ಎಂಬಷ್ಟು ಚಿಕ್ಕ ಪ್ರಶ್ನೆ ನಾಲ್ಕು ತಿಂಗಳಿಗೆ ಸಾಕು, ಅದರಲ್ಲೂ ಒಳ್ಳೆಯ ಪ್ರಬಂಧ ಬರುತ್ತದೆ.

ಉಬ್ಬರವಿಳಿತವನ್ನು ಬಯಲುಸೀಮೆಯ ಹುಡುಗರಿಗೆ ವಿವರಿಸಿ ಹೇಳಲೇಬೇಕು. ಕೆರೆಯ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆಂದು ಕಂಡು ಬೆಳೆದವರು ಅವರು. ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರತಿ ವಾರ ಬೆಳಿಗ್ಗೆ ಎಂಟಕ್ಕೆ ಎಂದು ಸಮಯ ಗೊತ್ತುಮಾಡಿಕೊಂಡು ಹೋಗಿ, ಎರಡನೆಯ ವಾರ ಫೋನ್ ಮಾಡಿ, “ಸರ್, ಬಂಡೆನೇ ಕಾಣಿಸ್ತಿಲ್ಲ” ಎಂದಳು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ. ಆ ತಪ್ಪು ನನ್ನದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಕೆಳಗಿಳಿಯುವುದರಿಂದ, ಪಂಚಾಂಗ ಮತ್ತು ಉಬ್ಬರವಿಳಿತದ ಪಟ್ಟಿ ಎರಡನ್ನೂ ನೋಡಿ ಇಡೀ ಅವಧಿಯ ದಿನಗಳನ್ನು ಮೊದಲೇ ಗುರುತಿಸಿ, ಇಳಿತಕ್ಕೆ ಒಂದು ಗಂಟೆ ಮೊದಲೇ ಸ್ಥಳದಲ್ಲಿರುವಂತೆ ಯೋಜಿಸಿ.

ಕಡಲಿಗೆ ಹೋಗುವ ಮುನ್ನ ವಿದ್ಯಾರ್ಥಿಗಳನ್ನು ಕೊಂಡಜ್ಜಿ ಕೆರೆಗೆ ಕರೆದೊಯ್ಯುತ್ತೇನೆ. ಅಲ್ಲಿ 25 ಸೆಂಟಿಮೀಟರ್ ಚೌಕಟ್ಟನ್ನು ದಂಡೆಯ ಕಲ್ಲಿನ ಮೇಲಿಟ್ಟು, ಒಂದೇ ಚೌಕದ ಬಸವನಹುಳುಗಳನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ ಬರೆಯಬೇಕು. ಎರಡು ಎಣಿಕೆಗಳು ಕೂಡುವವರೆಗೂ ಮತ್ತೆ ಮತ್ತೆ ಎಣಿಸುತ್ತಾರೆ. ನಂತರ ರಾಸಾಯನಿಕ ದ್ರಾವಣಗಳನ್ನು ಬೆರೆಸಿ ಅಳೆಯುವ ವಿಂಕ್ಲರ್ ವಿಧಾನದಿಂದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವುದು. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಹಾಕಲು, ಎರಡು ದ್ರಾವಣಗಳನ್ನು ದಂಡೆಯಲ್ಲೇ ಸೇರಿಸಿ ಕಂದು ಗಸಿ ಇಳಿಯುವುದನ್ನು ನೋಡಲು ಕೈ ಪಳಗಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 30 ಡಿಗ್ರಿ ಉಷ್ಣತೆಯಲ್ಲಿ ಸಿಹಿನೀರು ಗಾಳಿಯಿಂದ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಅಷ್ಟೇ ಬಿಸಿಯ ಕಡಲ ನೀರು ಹಿಡಿದಿಡುವುದು ಸುಮಾರು 6 ಮಿಲಿಗ್ರಾಂ. ಕೆರೆಯ ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡು ಕಡಲಿಗೆ ಹೋದವರು ಸರಿಯಾದ ಅಂಕಿಯನ್ನೇ ತಪ್ಪೆಂದು ತಿದ್ದಿಬಿಡುವ ಅಪಾಯವಿದೆ.

ಇನ್ನು ಕ್ಷೇತ್ರಕಾರ್ಯದ ಪುಸ್ತಕ. ನನ್ನ ಪಾಲಿಗೆ ಪ್ರಬಂಧದ ಜೀವ ಅದರಲ್ಲಿದೆ. ಒಮ್ಮೆ ನನ್ನ ಮುಂದಿಟ್ಟ ಪುಸ್ತಕದಲ್ಲಿ ಮೂರು ವಾರಗಳ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓರಣದಲ್ಲಿದ್ದವು. ಒಂದು ಹೊಡೆದುಹಾಕಿದ ಅಂಕಿಯಿಲ್ಲ, ನೀರಿನ ಕಲೆಯಿಲ್ಲ, ಗಂಟೆ ಬರೆದಿಲ್ಲ. ವಸತಿಗೃಹಕ್ಕೆ ಮರಳಿದ ಮೇಲೆ ನೆನಪಿನಿಂದ ಬರೆದದ್ದೆಂದು ಕೇಳಿದ ಮೇಲೆ ತಿಳಿಯಿತು. ಆ ಅಂಕಿಗಳನ್ನು ಬಿಟ್ಟು ಮತ್ತೆ ಮಾದರಿ ತೆಗೆಯಬೇಕಾಯಿತು. ಅಂದಿನಿಂದ ನಿಯಮವಿಷ್ಟು: ಪೆನ್ಸಿಲ್ಲಿನಲ್ಲಿ, ನಿಂತಲ್ಲೇ, ಗಂಟೆಯೊಡನೆ ಬರೆಯಬೇಕು, ತಪ್ಪಿದ್ದನ್ನು ಅಳಿಸದೆ ಗೆರೆ ಎಳೆಯಬೇಕು, ಆ ಪುಟದ ಫೋಟೋ ಅದೇ ಸಂಜೆ ನನಗೆ ಬರಬೇಕು. ಫೋಟೋ ಬಂದ ದಿನವೇ ಓದಿ ಉತ್ತರಿಸುವುದು ಮಾರ್ಗದರ್ಶಕರ ಹೊಣೆ, ಏಕೆಂದರೆ ಆ ಇಳಿತ ಮತ್ತೆ ಸಿಗಲು ಹದಿನೈದು ದಿನ ಕಾಯಬೇಕು.

ಯಾರನ್ನೂ ಒಬ್ಬರೇ ಬಂಡೆಗೆ ಕಳುಹಿಸಬೇಡಿ. ಹವಳ, ಕಡಲಕುದುರೆಗಳಂಥ ಜೀವಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಅವನ್ನು ಮುಟ್ಟದೆ ಫೋಟೋ ಮಾತ್ರ ತೆಗೆಯಲು ಹೇಳಿ. ಮೀನುಗಾರರು ಹೇಳುವ ಬಂಗುಡೆ, ಭೂತಾಯಿ ಎಂಬ ಹೆಸರುಗಳನ್ನೂ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಬರೆಸಿ.

ಸುಣ್ಣದ ಚಿಪ್ಪಿರುವ ಮಾದರಿಗಳನ್ನು ಶೇ 70ರ ಆಲ್ಕೋಹಾಲಿನಲ್ಲಿಡಬೇಕು. ಮಾದರಿ ಕೆಡದಂತಿಡಲು ಬಳಸುವ ಇನ್ನೊಂದು ದ್ರಾವಣವಾದ ಫಾರ್ಮಲಿನ್ ಬರಿದಾಗಿ ಬಳಸಿದರೆ ಕ್ರಮೇಣ ಆಮ್ಲೀಯವಾಗಿ ಚಿಪ್ಪನ್ನೇ ಕರಗಿಸುತ್ತದೆ. ಆಲ್ಕೋಹಾಲು ಸೋರಿದರೆ ಹೊರಗಿನ ಶಾಯಿ ಅಳಿಸಿಹೋಗುವುದರಿಂದ, ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯೊಂದು ಬಾಟಲಿಯ ಒಳಗೂ ಇರಲಿ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಆ ಬಾಟಲಿಗಳನ್ನು ಮೂಲ ಪುಸ್ತಕದೊಂದಿಗೆ ವಿಭಾಗದ ಕಪಾಟಿನಲ್ಲಿ ಇರಿಸಿ. ಮುಂದಿನ ವರ್ಷ ಅದೇ ಬಂಡೆಗೆ ಹೋಗುವ ವಿದ್ಯಾರ್ಥಿ ತನ್ನ ಬಾರ್ನಕಲ್‌ಗಳನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಬೇಕಾಗುತ್ತದೆ.